ಜಾಕಿ ನೋಡಿ ಬಾಜಿ ಕಟ್ಟುವ ಮುನ್ನ: ಮೈಸೂರು ರೇಸ್‌ಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರೇಸ್ ದಿನ ಮಂಡ್ಯ, ಪಾಂಡವಪುರ, ನಂಜನಗೂಡು ಕಡೆಯಿಂದ ಗೆಳೆಯರು ಬರುತ್ತಾರೆ. ಚಾಮುಂಡಿ ಬೆಟ್ಟದ ತಪ್ಪಲಿನ ಗೇಟ್ ಹತ್ತಿರ ಆಟೋ ಇಳಿಯುವ ಮೊದಲೇ ಅವರ ಪ್ರಶ್ನೆ ಶುರು. "ಯಾವ ಕುದುರೆ" ಅಂತ ಯಾರೂ ಕೇಳುವುದಿಲ್ಲ. "ಯಾರು ಹತ್ತಿದಾರೆ?" ಅಂತಲೇ ಕೇಳುತ್ತಾರೆ. ಜಾಕಿ ಹೆಸರು ನೋಡಿ ದುಡ್ಡು ಕಟ್ಟುವ ಅಭ್ಯಾಸ ನಮ್ಮಲ್ಲಿ ತುಂಬಾ ಹಳೆಯದು. ಅದು ಪೂರ್ತಿ ತಪ್ಪೂ ಅಲ್ಲ. ಆದರೆ ಹೆಸರು ನೋಡುವುದು ಬೇರೆ, ಸವಾರಿ ನೋಡುವುದು ಬೇರೆ. ಬಹಳ ವರ್ಷ ರೇಲಿಂಗ್ ಪಕ್ಕ ನಿಂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಗೆಲ್ಲಿಸೋದು ಕುದುರೆಯೋ ಜಾಕಿಯೋ?

ಕುದುರೆ. ಇದರಲ್ಲಿ ನನಗೆ ಅನುಮಾನವಿಲ್ಲ. ಓಡುವ ಶಕ್ತಿ ಇಲ್ಲದ ಕುದುರೆಯನ್ನು ಯಾವ ಜಾಕಿಯೂ ಗೆಲ್ಲಿಸಲಾರ. ಆದರೆ ಹ್ಯಾಂಡಿಕ್ಯಾಪ್ ರೇಸ್‌ನಲ್ಲಿ ಒಳ್ಳೆ ಕುದುರೆಗೆ ಜಾಸ್ತಿ ತೂಕ, ಸಾಧಾರಣ ಕುದುರೆಗೆ ಕಡಿಮೆ ತೂಕ ಕೊಟ್ಟು ಎಲ್ಲವನ್ನೂ ಹತ್ತಿರ ತಂದಿರುತ್ತಾರೆ. ಹಾಗಾಗಿ ಮೊದಲ ನಾಲ್ಕು ಕುದುರೆಗಳ ನಡುವೆ ಎರಡು ಮೂರು ಲೆಂತ್ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ವ್ಯತ್ಯಾಸವೂ ಇರುವುದಿಲ್ಲ. ಅಂಥ ಕಡೆ ಜಾಕಿ ಮಾಡುವ ಒಂದು ತಪ್ಪು ಅಥವಾ ಒಂದು ಜಾಣತನ ಫಲಿತಾಂಶವನ್ನೇ ತಿರುಗಿಸುತ್ತದೆ. ಮೊದಲು ಕುದುರೆ, ಆಮೇಲೆ ದೂರ ಮತ್ತು ತೂಕ, ಕೊನೆಗೆ ಜಾಕಿ. ನಾನು ನೋಡುವ ಕ್ರಮ ಇದು.

ಚಾಂಪಿಯನ್ ಜಾಕಿ ಹತ್ತಿದ ಕುದುರೆಗೆಲ್ಲ ಕಟ್ಟಿದರೆ ಲಾಭ ಆಗಲ್ವಾ?

ಆಗಲ್ಲ. ಒಂದು ಲೆಕ್ಕ ಮಾಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ. ದೊಡ್ಡ ಹೆಸರಿನ ಜಾಕಿ 100 ಸವಾರಿಯಲ್ಲಿ 25 ಗೆದ್ದ. ಗೆದ್ದ ಕುದುರೆಗಳ ರೇಟು ಸರಾಸರಿ ಒಂದಕ್ಕೆ ಎರಡು, ಅಂದರೆ ನೂರು ಕಟ್ಟಿ ಗೆದ್ದರೆ ಇನ್ನೂರು ಲಾಭ, ಕಟ್ಟಿದ ನೂರೂ ವಾಪಸ್. ಪ್ರತಿ ಸಲ 100 ರೂಪಾಯಿ ಕಟ್ಟಿದ್ದರೆ ನಿಮ್ಮ ಕೈಯಿಂದ ಹೋದದ್ದು 10,000, ಬಂದದ್ದು 7,500. ಇನ್ನೊಬ್ಬ ಜಾಕಿ 100ರಲ್ಲಿ ಬರೀ 9 ಗೆದ್ದ, ಆದರೆ ಸರಾಸರಿ ರೇಟು ಒಂದಕ್ಕೆ ಹನ್ನೆರಡು. ಬಂದದ್ದು 11,700. ತೆರಿಗೆ ಲೆಕ್ಕ ಇದರ ಮೇಲೆ ಬೇರೆ. 25 ಗೆದ್ದವನೇ ಒಳ್ಳೆ ಸವಾರ ಇರಬಹುದು, ಆದರೂ ಅವನ ಹಿಂದೆ ಹೋದವರ ದುಡ್ಡು ಕರಗಿತು. ಅವನ ಹೆಸರಿನ ಬೆಲೆ ರೇಟಿನಲ್ಲೇ ಸೇರಿಹೋಗಿತ್ತು.

1996ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಆಸ್ಕಾಟ್‌ನಲ್ಲಿ ಜಾಕಿ ಫ್ರಾಂಕಿ ಡೆಟ್ಟೋರಿ ಒಂದೇ ದಿನ ಏಳಕ್ಕೆ ಏಳೂ ರೇಸ್ ಗೆದ್ದರು. ಕೊನೆಯ ಕುದುರೆ ಫ್ಯೂಜಿಯಾಮಾ ಕ್ರೆಸ್ಟ್. ಬೆಳಿಗ್ಗೆ ಅದರ ರೇಟು ಒಂದಕ್ಕೆ ಹನ್ನೆರಡು ಇತ್ತು. ಸಂಜೆ ಓಟ ಶುರುವಾಗುವ ಹೊತ್ತಿಗೆ ಒಂದಕ್ಕೆ ಎರಡಕ್ಕೆ ಇಳಿದಿತ್ತು. ಬೆಳಿಗ್ಗೆಯಿಂದ ಸಂಜೆಗೆ ಕುದುರೆ ಬದಲಾಗಿರಲಿಲ್ಲ. ಜನ ಜಾಕಿ ಹೆಸರಿಗೆ ದುಡ್ಡು ಸುರಿದದ್ದಕ್ಕೇ ರೇಟು ಅಷ್ಟು ಬಿತ್ತು. ಅವತ್ತು ಕುದುರೆ ಗೆದ್ದಿತು ನಿಜ. ಆದರೆ ಹನ್ನೆರಡು ಸಿಗಬೇಕಾದ ಕಡೆ ಎರಡಕ್ಕೆ ಒಪ್ಪಿ ಕಟ್ಟುತ್ತಾ ಹೋದರೆ ವರ್ಷದ ಕೊನೆಗೆ ಏನು ಉಳಿಯುತ್ತೆ?

ರೇಸ್ ಬುಕ್‌ನಲ್ಲಿ ಜಾಕಿಯ ಗೆಲುವಿನ ಶೇಕಡಾ ಇರುತ್ತದಲ್ಲ, ಅದನ್ನು ಹೇಗೆ ಓದಬೇಕು?

ಅನುಮಾನದಿಂದ ಓದಿ. ಒಳ್ಳೆ ಕುದುರೆಗಳು ಒಳ್ಳೆ ಹೆಸರಿನವರ ಹತ್ತಿರವೇ ಹೋಗುತ್ತವೆ. ಗೆಲ್ಲುವ ಕುದುರೆ ಸಿಕ್ಕಿದ್ದಕ್ಕೆ ಶೇಕಡಾ ಏರುತ್ತದೆ, ಶೇಕಡಾ ಏರಿದ್ದಕ್ಕೆ ಮತ್ತೆ ಗೆಲ್ಲುವ ಕುದುರೆ ಸಿಗುತ್ತದೆ.

ಸಂಖ್ಯೆ ಚಿಕ್ಕದಿದ್ದರೆ ಇನ್ನೂ ಮೋಸ. 10ಕ್ಕೆ ಒಂದು ಗೆಲ್ಲುವ ಜಾಕಿ ಒಬ್ಬ ಇದ್ದಾನೆ ಅಂದುಕೊಳ್ಳಿ. ಅವನು 50 ರೇಸ್ ಓಡಿಸಿದರೆ ಒಂದು ಸೀಸನ್‌ನಲ್ಲಿ 2 ಗೆಲುವೂ ಬರಬಹುದು, 9 ಗೆಲುವೂ ಬರಬಹುದು. ಕೈಚಳಕ ಅದೇ, ಕೇವಲ ಅದೃಷ್ಟದ ಏರಿಳಿತ. ಮೂರು ವಾರ ಸೋತ ಕೂಡಲೇ "ಅವನು ಮುಗಿದ" ಅಂತ ಕ್ಯಾಂಟೀನ್‌ನಲ್ಲಿ ತೀರ್ಪು ಕೊಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ನಾನು ನೋಟ್‌ಬುಕ್‌ನಲ್ಲಿ ಬೇರೆ ಲೆಕ್ಕ ಇಡುತ್ತೇನೆ. ಜಾಕಿ ಹತ್ತಿದ ಪ್ರತಿ ಕುದುರೆಯ ಕೊನೆಯ ರೇಟು ಬರೆಯುತ್ತೇನೆ. ಒಂದಕ್ಕೆ ನಾಲ್ಕು ಅಂದರೆ ಐದರಲ್ಲಿ ಒಂದು ಗೆಲುವು, ಅಂದರೆ 0.20. ಒಂದಕ್ಕೆ ಒಂಬತ್ತು ಅಂದರೆ 0.10. ಹೀಗೆ 60-70 ಸವಾರಿ ಕೂಡಿಸಿದರೆ ಮಾರುಕಟ್ಟೆ ಅವನಿಂದ ಎಷ್ಟು ಗೆಲುವು ನಿರೀಕ್ಷಿಸಿತ್ತು ಅಂತ ಗೊತ್ತಾಗುತ್ತದೆ. ಬುಕ್ಕಿಯ ಪಾಲು ರೇಟಿನೊಳಗೇ ಇರುವುದರಿಂದ ಈ ನಿರೀಕ್ಷೆ ಯಾವಾಗಲೂ ಸ್ವಲ್ಪ ಉಬ್ಬಿರುತ್ತದೆ. ಅದಕ್ಕೆ ಸಮನಾಗಿ ಗೆದ್ದವನೂ ಒಳ್ಳೆಯ ಸವಾರನೇ. ಅದನ್ನು ದಾಟಿದವನ ಮೇಲೆ ಕಣ್ಣಿಡಿ.

ಒಳ್ಳೆ ಸವಾರಿ ಅಂತ ಕಣ್ಣಿಗೆ ಹೇಗೆ ಗೊತ್ತಾಗುತ್ತೆ?

ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಬಹಳ ಜನ ಕೊನೆಯ 200 ಮೀಟರ್ ಮಾತ್ರ ನೋಡುತ್ತಾರೆ, ಜಾಕಿ ಎಷ್ಟು ಜೋರಾಗಿ ಕೈಕಾಲು ಆಡಿಸಿದ ಅಂತ. ಜಾಕಿಯ ಕೆಲಸದ ಮುಕ್ಕಾಲು ಪಾಲು ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ.

ಮೊದಲು ಗೇಟ್, ಅಂದರೆ ಓಟ ಶುರುವಾಗುವ ಜಾಗ. 1200 ಮೀಟರ್ ಓಟ ಒಂದೂಕಾಲು ನಿಮಿಷದ ಒಳಗೆ ಮುಗಿಯುತ್ತದೆ. ಒಂದು ಸೆಕೆಂಡ್ ಅಂದರೆ ಸುಮಾರು ಆರು ಲೆಂತ್. ಗೇಟ್‌ನಲ್ಲಿ ಅರ್ಧ ಸೆಕೆಂಡ್ ತಡವಾದರೆ ಮೂರು ಲೆಂತ್ ಹೋಯಿತು. ಗೇಟ್ ತೆರೆಯುವ ಮುಂಚೆ ಕುದುರೆಯ ತಲೆ ನೇರ ಇದೆಯಾ, ಜಾಕಿ ಕೈಯಲ್ಲಿ ಕತ್ತಿನ ಕೂದಲು ಹಿಡಿದು ಸಿದ್ಧವಾಗಿದ್ದಾನಾ ಅಂತ ರೇಸ್ ವಿಡಿಯೋ ಸಿಕ್ಕರೆ ನಿಲ್ಲಿಸಿ ನೋಡಿ. ಕೆಲವು ಜಾಕಿಗಳ ಕುದುರೆಗಳು ಸಲಸಲವೂ ಒಂದೇ ಹೆಜ್ಜೆಗೆ ಹೊರಗೆ ಬೀಳುತ್ತವೆ. ಕೆಲವರ ಕುದುರೆಗಳು ಸಲಸಲವೂ ತಡ. ಇದು ಶೇಕಡಾ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಆಮೇಲೆ ತಿರುವು. ಅರ್ಧ ವೃತ್ತದ ತಿರುವಿನಲ್ಲಿ ಒಂದು ಮೀಟರ್ ಹೊರಗೆ ಓಡಿದ ಕುದುರೆ ಸುಮಾರು 3.14 ಮೀಟರ್ ಜಾಸ್ತಿ ಓಡುತ್ತದೆ. ಶಾಲೆಯಲ್ಲಿ ಓದಿದ ಅದೇ ಪೈ. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಲೆಕ್ಕ ಅದೇ. ಮೂರು ಮೀಟರ್ ಹೊರಗಿದ್ದರೆ ಒಂಬತ್ತು ಮೀಟರಿಗೂ ಜಾಸ್ತಿ. ಕುದುರೆಯ ಒಂದು ಲೆಂತ್ ಸುಮಾರು ಎರಡೂವರೆ ಮೀಟರ್. ಅಂದರೆ ಹತ್ತಿರ ಹತ್ತಿರ ನಾಲ್ಕು ಲೆಂತ್ ನೆಲವನ್ನು ಆ ಕುದುರೆ ಸುಮ್ಮನೆ ಬಿಟ್ಟುಕೊಟ್ಟಿದೆ. ಹಾಗೆ ಓಡಿಯೂ ಎರಡು ಲೆಂತ್‌ನಲ್ಲಿ ಸೋತ ಕುದುರೆ ನಿಜಕ್ಕೂ ಸೋತಿಲ್ಲ. ಮುಂದಿನ ಸಲ ಅದೇ ಕುದುರೆಯ ಮೇಲೆ ಒಳಗಿನ ಜಾಗ ಹುಡುಕಬಲ್ಲ ಜಾಕಿ ಕೂತರೆ ನಾನು ಪೆನ್ಸಿಲ್‌ನಿಂದ ಗುರುತು ಹಾಕುತ್ತೇನೆ. ಹೊರಗೆ ಓಡಿದ್ದೆಲ್ಲ ಜಾಕಿಯ ತಪ್ಪೇ ಅಂತಲ್ಲ. ಹೊರಗಿನ ಡ್ರಾ (ಗೇಟ್‌ನಲ್ಲಿ ನಿಲ್ಲುವ ಜಾಗ) ಬಂದಿರಬಹುದು, ಒಳಗೆ ಸಿಕ್ಕಿಹಾಕಿಕೊಳ್ಳುವ ಭಯವೂ ಇರಬಹುದು.

ಮೂರನೆಯದು ಕೂರುವ ರೀತಿ. ಜಾಕಿ ಜೀನಿನ ಮೇಲೆ ಕೂರುವುದೇ ಇಲ್ಲ, ಚಿಕ್ಕ ರಿಕಾಪಿನ (ಕಾಲಿಡುವ ಕೊಂಡಿ) ಮೇಲೆ ಬಾಗಿ ತೇಲುತ್ತಾನೆ. ಕುದುರೆಯ ಬೆನ್ನು ಮೇಲೆ ಕೆಳಗೆ ಆಡುವಾಗ ಅವನ ಮೈ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಮೊಣಕಾಲುಗಳೇ ಅವನ ಸ್ಪ್ರಿಂಗ್. ಇದರಿಂದ ಕುದುರೆ ಅವನ ತೂಕ ಹೊರುತ್ತದೆ, ಆದರೆ ಪ್ರತಿ ಹೆಜ್ಜೆಗೂ ಅವನನ್ನು ಎತ್ತಿ ಇಳಿಸುವ ಕಷ್ಟ ಪಡುವುದಿಲ್ಲ. 1900ರ ಆಸುಪಾಸಿನಲ್ಲಿ ಈ ಶೈಲಿ ಬಂದಾಗ ರೇಸ್ ಸಮಯಗಳು ಶೇ. 5ರಿಂದ 7ರಷ್ಟು ಸುಧಾರಿಸಿದವು ಅಂತ 2009ರಲ್ಲಿ ಬ್ರಿಟನ್‌ನ ಸಂಶೋಧಕರು ತೋರಿಸಿದರು. ದಣಿದ ಕುದುರೆಯ ಮೇಲೆ ಕೊನೆಯ ನೂರು ಮೀಟರ್‌ನಲ್ಲಿ ಈ ಸಮತೋಲ ಉಳಿಸಿಕೊಳ್ಳುವವನು ಪಳಗಿದ ಕೈ. ತಲೆ ಕುಣಿಯುತ್ತಾ, ಹಿಂಬದಿ ಜೀನಿಗೆ ಬಡಿಯುತ್ತಾ ಇದ್ದರೆ ಜಾಕಿಯೇ ದಣಿದಿದ್ದಾನೆ ಅಂತ ಅರ್ಥ.

ಒಂದು ಮಧ್ಯಾಹ್ನ ನಾನು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೊನೆಯ ತಿರುವಿನಲ್ಲಿ ಮುಂದೆ ಎರಡು ಕುದುರೆಗಳ ಗೋಡೆ. ಹಿಂದಿದ್ದ ಜಾಕಿ ಗಾಬರಿ ಬೀಳಲಿಲ್ಲ. ಲಗಾಮು ಎಳೆಯಲೂ ಇಲ್ಲ, ತಳ್ಳಲೂ ಇಲ್ಲ. ಎರಡೂ ಕೈ ಕುದುರೆಯ ಕತ್ತಿನ ಮೇಲೆ ತಣ್ಣಗೆ. ಹತ್ತು ಹನ್ನೆರಡು ಹೆಜ್ಜೆ ಹಾಗೇ ಕಾದ. ಮುಂದಿನ ಕುದುರೆ ದಣಿದು ಒಂದಡಿ ಹೊರಗೆ ವಾಲಿತು. ಆ ಸಂದಿಯಲ್ಲಿ ತೂರಿ ಬಂದ. ಗೆದ್ದದ್ದು ಕತ್ತಿನಷ್ಟು ಅಂತರದಲ್ಲಿ. ಪಕ್ಕದವರು "ಲಕ್ಕು" ಅಂದರು. ನನಗೆ ಕಂಡದ್ದು ಆ ಹತ್ತು ಹೆಜ್ಜೆಯ ತಾಳ್ಮೆ.

ಚಾಟಿ ಜೋರಾಗಿ ಬೀಸುವವನು ಗಟ್ಟಿ ಜಾಕಿ ಅಲ್ವಾ?

ಅಲ್ಲ. ಚಾಟಿ ಬಳಕೆಗೆ ಮಿತಿ ಇದೆ, ಮೀರಿದರೆ ಶಿಕ್ಷೆ ಇದೆ. ಬೆದರಿದ ಕುದುರೆ ಪಕ್ಕಕ್ಕೆ ವಾಲಿ ಓಡುತ್ತದೆ, ನೆಲ ಕಳೆದುಕೊಳ್ಳುತ್ತದೆ, ಇನ್ನೊಬ್ಬರ ದಾರಿಗೂ ಅಡ್ಡ ಬರುತ್ತದೆ. ಕೈ ಮತ್ತು ಕಾಲಿನಿಂದಲೇ ಕುದುರೆಯನ್ನು ನೇರ ಇಟ್ಟು ಓಡಿಸುವವನನ್ನು ನಂಬಿ. ಮೂಕ ಪ್ರಾಣಿ ಅದು, ತನ್ನ ಕೈಲಾದಷ್ಟು ಓಡುತ್ತಲೇ ಇರುತ್ತದೆ.

ಅಪ್ರೆಂಟಿಸ್ ಹುಡುಗ ಹತ್ತಿದರೆ ಬಿಟ್ಟುಬಿಡಬೇಕಾ?

ಬಿಡಬೇಡಿ, ಲೆಕ್ಕ ಹಾಕಿ. ಕಲಿಯುತ್ತಿರುವ ಜಾಕಿಗೆ ತೂಕದಲ್ಲಿ ರಿಯಾಯಿತಿ ಸಿಗುತ್ತದೆ. ಗೆಲುವು ಏರಿದಂತೆ ರಿಯಾಯಿತಿ ಇಳಿಯುತ್ತಾ ಹೋಗಿ ಕೊನೆಗೆ ನಿಲ್ಲುತ್ತದೆ. ಹಳೆಯ ಅಂದಾಜು ಹೀಗಿದೆ: ಚಿಕ್ಕ ಓಟದಲ್ಲಿ ಸುಮಾರು ಒಂದೂವರೆ ಕೆಜಿಗೆ ಒಂದು ಲೆಂತ್, 1600 ಮೀಟರ್‌ನಲ್ಲಿ ಸುಮಾರು ಒಂದು ಕೆಜಿಗೆ ಒಂದು ಲೆಂತ್, 2400ರಲ್ಲಿ ಅರ್ಧ ಕೆಜಿಗೇ ಒಂದು ಲೆಂತ್. ಮೂರು ಕೆಜಿ ರಿಯಾಯಿತಿ ಇರುವ ಹುಡುಗ 1200ರಲ್ಲಿ ಎರಡು ಲೆಂತ್ ಮುಂದೆ ನಿಂತು ಶುರು ಮಾಡಿದ ಹಾಗೆ. ಅವನ ಅನುಭವದ ಕೊರತೆ ಎರಡು ಲೆಂತ್‌ಗಿಂತ ಕಡಿಮೆ ನಷ್ಟ ಮಾಡುತ್ತದೆ ಅನ್ನಿಸಿದರೆ ಅದು ನಿಮಗೆ ಲಾಭ.

ಮುಂದೆ ಓಡುವ ಸ್ವಭಾವದ, ಸುಲಭವಾಗಿ ಹೇಳಿದ ಮಾತು ಕೇಳುವ ಕುದುರೆ ಮೇಲೆ ಅಪ್ರೆಂಟಿಸ್ ಇದ್ದರೆ ನನಗೆ ಇಷ್ಟ. ಅಲ್ಲಿ ಸಂದಿ ಹುಡುಕುವ ಕೆಲಸವಿಲ್ಲ. ಹಿಂದಿನಿಂದ ಬರಬೇಕಾದ, ಮೊಂಡು ಕುದುರೆ ಮೇಲೆ ಇದ್ದರೆ ದೂರ ಇರುತ್ತೇನೆ. ಎಲ್ಲ ರೇಸ್‌ಗಳಲ್ಲೂ ಈ ರಿಯಾಯಿತಿ ಸಿಗುವುದಿಲ್ಲ, ರೇಸ್ ಬುಕ್‌ನಲ್ಲಿ ಷರತ್ತು ಓದಿ.

ಹೆಣ್ಣುಮಗಳು ಸವಾರಿ ಮಾಡಿದರೆ?

ಅದೇ ಗೇಟ್, ಅದೇ ತಿರುವು, ಅದೇ ಲೆಕ್ಕ. ನಮ್ಮ ದೇಶದ ಮೊದಲ ವೃತ್ತಿಪರ ಮಹಿಳಾ ಜಾಕಿ ರೂಪಾ ಸಿಂಗ್ ಗಂಡಸರ ಜೊತೆಯೇ ಓಡಿ ಗೆದ್ದವರು. 2021ರಲ್ಲಿ ಇಂಗ್ಲೆಂಡಿನ ದೊಡ್ಡ ರೇಸ್ ಗ್ರ್ಯಾಂಡ್ ನ್ಯಾಷನಲ್ ಗೆದ್ದದ್ದು ರೇಚಲ್ ಬ್ಲ್ಯಾಕ್‌ಮೋರ್. ಹೆಣ್ಣುಮಗಳು ಅಂತ ಜನ ಸುಮ್ನೆ ಕಡಿಮೆ ಅಂದಾಜು ಮಾಡಿದರೆ ರೇಟು ಏರುತ್ತದೆ, ನೋಡಿ ಕಟ್ಟುವವನಿಗೆ ಅದು ಅವಕಾಶ.

ಜಾಕಿ ಬದಲಾದರೆ ಒಳ್ಳೆ ಸೂಚನೆನಾ, ಕೆಟ್ಟದ್ದಾ?

ಯಾಕೆ ಬದಲಾದ ಅನ್ನೋದೇ ಮುಖ್ಯ. ಒಂದೇ ಲಾಯದ ಎರಡು ಕುದುರೆ ಒಂದೇ ರೇಸ್‌ನಲ್ಲಿದ್ದು, ಲಾಯದ ಮುಖ್ಯ ಜಾಕಿ ಒಂದನ್ನು ಆರಿಸಿಕೊಂಡರೆ ಅದು ಗಮನಿಸುವ ಸಂಗತಿ. ಆದರೆ ಜಾಕಿಗಳೂ ತಪ್ಪು ಆರಿಸುತ್ತಾರೆ. ಬಿಟ್ಟ ಕುದುರೆ ಗೆದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಆಗ ರೇಟೂ ಚೆನ್ನಾಗಿರುತ್ತದೆ. ಕೆಲವೊಮ್ಮೆ ಕಾರಣ ಬರೀ ತೂಕ. ಕುದುರೆ ಹೊರಬೇಕಾದ ತೂಕ (ಜಾಕಿ, ಜೀನು ಸೇರಿ) 51 ಕೆಜಿ ಬಂದಿದ್ದರೆ 54ಕ್ಕಿಂತ ಕೆಳಗೆ ಇಳಿಯಲಾಗದ ಜಾಕಿ ಹತ್ತಲು ಆಗುವುದೇ ಇಲ್ಲ. ಅದರಲ್ಲಿ ಯಾವ ಗುಟ್ಟೂ ಇಲ್ಲ.

ಇದಕ್ಕೆ ಉಲ್ಟಾ ಆಗುವುದೂ ಇದೆ. ಯಾವತ್ತೂ 54ಕ್ಕೆ ಸವಾರಿ ಮಾಡುವ ದೊಡ್ಡ ಜಾಕಿ ಒಂದು ಕುದುರೆಗಾಗಿ 52ಕ್ಕೆ ಇಳಿದು ಬಂದಿದ್ದರೆ ಅವನಿಗೆ ಅದರ ಮೇಲೆ ಆಸೆ ಇದೆ. ಆದರೆ ಎರಡು ದಿನ ಊಟ ನೀರು ಬಿಟ್ಟು, ಬೆವರು ಸುರಿಸಿ ತೂಕ ಇಳಿಸಿದ ಮೈಯಲ್ಲಿ ಕೊನೆಗೆ ಶಕ್ತಿ ಎಷ್ಟಿರುತ್ತೆ? ಅವತ್ತೇ ನಾಲ್ಕೈದು ಸವಾರಿ ಇದ್ದರೆ ಕೊನೆಯ ರೇಸ್‌ಗಳಲ್ಲಿ ಅವನ ಮುಖ ನೋಡಿ. ತುಟಿ ಒಣಗಿ ಬಿರಿದಿರುತ್ತದೆ. ನಮ್ಮ ದುಡ್ಡಿಗಿಂತ ಮೊದಲು ಆ ಮನುಷ್ಯನ ಕಷ್ಟ ನನ್ನ ಕಣ್ಣಿಗೆ ಬೀಳುತ್ತದೆ.

ಬೆಳಗಿನ ಟ್ರ್ಯಾಕ್ ವರ್ಕ್ (ಅಭ್ಯಾಸದ ಓಟ) ಸುದ್ದಿಯಲ್ಲಿ ಜಾಕಿ ಬಗ್ಗೆ ಏನಾದರೂ ಸಿಗುತ್ತಾ?

ಸಿಗುತ್ತದೆ. ಕುದುರೆ ಹೆಸರು, ಪಕ್ಕದಲ್ಲಿ ಸವಾರನ ಹೆಸರು, ಆಮೇಲೆ 600 ಮೀಟರ್ 39 ಸೆಕೆಂಡ್ ಅಂತ ಸಮಯ. ಹೆಸರಿನ ಬದಲು "ಆರ್‌ಬಿ" ಅಂತ ಇದ್ದರೆ ರೈಡಿಂಗ್ ಬಾಯ್ ಓಡಿಸಿದ್ದಾನೆ. ರೇಸ್ ದಿನ ಹತ್ತುವ ಜಾಕಿಯೇ ಬೆಳಿಗ್ಗೆ ಚಳಿಯಲ್ಲಿ ಬಂದು ಅದೇ ಕುದುರೆಯನ್ನು ಓಡಿಸಿದ್ದರೆ ನನಗೆ ಆ ಜೋಡಿ ಮೇಲೆ ನಂಬಿಕೆ ಜಾಸ್ತಿ. ಅದರ ಬಾಯಿ ಎಷ್ಟು ಗಡಸು, ಯಾವ ಕಡೆ ವಾಲುತ್ತದೆ ಅಂತ ಅವನ ಕೈಗೆ ಗೊತ್ತಿರುತ್ತದೆ. ಟ್ರೇನರ್ ಮತ್ತು ಜಾಕಿ ಜೋಡಿಯನ್ನೂ ಹೀಗೇ ನೋಡಿ. ಬಹಳ ಕಾಲದಿಂದ ಒಟ್ಟಿಗೆ ಕೆಲಸ ಮಾಡಿದವರಿಗೆ ಒಂದೇ ಮಾತಿನಲ್ಲಿ ವಿಷಯ ಮುಗಿಯುತ್ತದೆ.

ಮಳೆ ಬಿದ್ದ ದಿನ?

ನೆಲ ಎಷ್ಟು ಮೆತ್ತಗಿದೆ ಅಂತ ಪೆನೆಟ್ರೋಮೀಟರ್ ರೀಡಿಂಗ್ ಹೇಳುತ್ತದೆ. ಅಂಕಿ ಏರಿದಷ್ಟೂ ನೆಲ ಮೆತ್ತಗೆ. ಆಗ ಮೊದಲ ಎರಡು ರೇಸ್ ದುಡ್ಡು ಕಟ್ಟದೆ ಸುಮ್ನೆ ನೋಡಿ. ಯಾವ ಜಾಕಿ ರೇಲಿಂಗ್ ಬಿಟ್ಟು ತುಳಿತವಿಲ್ಲದ ಹುಲ್ಲಿನ ಕಡೆ ಕುದುರೆ ತರುತ್ತಾನೆ ಅಂತ ಗೊತ್ತಾಗುತ್ತದೆ. ಕೋರ್ಸ್ ಅನ್ನು ದಿನವೂ ತುಳಿದ ಸ್ಥಳೀಯ ಜಾಕಿ ಇಂಥ ದಿನ ಹೊರಗಿನಿಂದ ಬಂದ ದೊಡ್ಡ ಹೆಸರಿಗಿಂತ ಮೇಲು. ದಸರಾ ಹೊತ್ತಿನ ಮೈಸೂರು ಡರ್ಬಿಗೆ ದೊಡ್ಡ ದೊಡ್ಡ ಜಾಕಿಗಳು ಬರುತ್ತಾರೆ, ಜನ ಅವರ ಹಿಂದೆ ಓಡುತ್ತಾರೆ. ಆ ದಿನದ ಚಿಕ್ಕ ರೇಸ್‌ಗಳಲ್ಲಿ ನಮ್ಮ ಊರಿನ ಜಾಕಿಗಳ ಕುದುರೆಗೆ ರೇಟು ಚೆನ್ನಾಗಿ ಸಿಗುವುದುಂಟು.

ಜಾಕಿ ಬೇಕಂತಲೇ ಕುದುರೆ ಹಿಡಿದ ಅಂತಾರಲ್ಲ?

ಸೋತ ಮೇಲೆ ಎಲ್ಲರೂ ಹೇಳುವ ಮಾತು. ಓಟವನ್ನು ಹಲವು ಕಡೆಯಿಂದ ಕ್ಯಾಮೆರಾ ಹಿಡಿಯುತ್ತದೆ, ಸ್ಟ್ಯೂವರ್ಡ್‌ಗಳು (ರೇಸ್ ಮೇಲೆ ಕಣ್ಣಿಡುವ ಅಧಿಕಾರಿಗಳು) ನೋಡುತ್ತಾರೆ, ಅನುಮಾನ ಬಂದರೆ ಜಾಕಿಯನ್ನು ಕರೆಸಿ ವಿಚಾರಿಸುತ್ತಾರೆ. ತಪ್ಪು ಕಂಡರೆ ಅಮಾನತು ಆಗುತ್ತದೆ. ಕೆಟ್ಟ ಕೆಲಸ ನಡೆಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಮಗೆ ಹಿಡಿದ ಹಾಗೆ ಕಾಣುವುದರಲ್ಲಿ ಬಹುಪಾಲು ಕುದುರೆಗೆ ಉಸಿರು ಉಳಿಸುವ ಪ್ರಯತ್ನ, ಇಲ್ಲವೇ ಮುಂದೆ ಜಾಗ ಸಿಗದ ಕಷ್ಟ. ಹಾಗೆ ಹೇಳುವ ಮೊದಲು ವಿಡಿಯೋವನ್ನು ಇನ್ನೊಮ್ಮೆ ನೋಡಿ. ಒಬ್ಬನ ಅನ್ನದ ವಿಷಯ ಅದು.

ಓಟ ಮುಗಿದ ಕೂಡಲೇ ಟಿಕೆಟ್ ಹರಿಯಬೇಡಿ. ಜಾಕಿಗಳು ಮತ್ತೆ ತೂಕ ಹಾಕಿಸಬೇಕು, ಆಕ್ಷೇಪ ಬಂದರೆ ತೀರ್ಮಾನ ಆಗಬೇಕು. ಆಮೇಲೇ "ಆಲ್ ಕ್ಲಿಯರ್", ಅಂದರೆ ಫಲಿತಾಂಶ ಖಾಯಂ.

ಜಾಕಿ ಕಡೆಯಿಂದಲೇ ಟಿಪ್ಸ್ ಬಂದಿದೆ ಅಂತ ಮೆಸೇಜ್ ಬಂತು. ನಂಬಬಹುದಾ?

ಖಂಡಿತ ಬೇಡ. ಮದ್ದೂರು ಕಡೆಯ ನಮ್ಮ ಚಿಕ್ಕಪ್ಪ ಒಬ್ಬರು ಒಂದು ವರ್ಷ ಕಬ್ಬಿನ ದುಡ್ಡು ಕೈಗೆ ಬಂದ ವಾರವೇ ಇಂಥ ಮಾತು ನಂಬಿದರು. ಹೇಳಿದವನು ಜಾಕಿಯ ಪರಿಚಯ ಅಂತ ಫೋಟೋ ತೋರಿಸಿದ್ದ. ಆಮೇಲೆ ಗೊತ್ತಾಯಿತು, ಒಂದೇ ರೇಸ್‌ಗೆ ಬೇರೆ ಬೇರೆಯವರಿಗೆ ಬೇರೆ ಬೇರೆ ಕುದುರೆ ಹೇಳಿದ್ದ. ಯಾರಿಗೋ ಒಬ್ಬರಿಗೆ ಹೇಳಿದ ಕುದುರೆ ಗೆಲ್ಲಲೇಬೇಕು, ಅವರು ಮುಂದಿನ ಸಲ ಜಾಸ್ತಿ ಕೊಡುತ್ತಾರೆ. ಚಿಕ್ಕಪ್ಪ ಆ ವರ್ಷ ಬಿತ್ತನೆ ಕಬ್ಬಿಗೆ ಸಾಲ ಮಾಡಿದರು. ಕುದುರೆ ಬಾಲಕ್ಕೆ ಕಟ್ಟಿದ ಅಂತ ಊರವರು ಆಡಿಕೊಂಡರು. ಮನೆಗೆ ಬಂದು ಚಿಕ್ಕಮ್ಮನ ಮುಖ ನೋಡಲಾಗದೆ ಜಗುಲಿ ಮೇಲೆ ಕೂತಿದ್ದ ಅವರನ್ನು ನಾನು ಮರೆತಿಲ್ಲ. ಜಾಕಿಗಳು ಬಾಜಿ ಕಟ್ಟುವುದನ್ನೇ ನಿಯಮ ನಿಷೇಧಿಸುತ್ತದೆ. ಅವರ ಹೆಸರಿನಲ್ಲಿ ದುಡ್ಡು ಕೇಳುವವನು ಮೋಸಗಾರ.

ಕಾನೂನು, ತೆರಿಗೆ?

ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ 1952ರ ಕಾಯ್ದೆಯಡಿ ಲೈಸೆನ್ಸ್ ಪಡೆದ ಕೋರ್ಸ್‌ನಲ್ಲಿ ರೇಸ್ ನಡೆಯುತ್ತದೆ. ಕೋರ್ಸ್ ಒಳಗಿನ ಟೋಟ್ ಕೌಂಟರ್ (ಕ್ಲಬ್‌ನವರೇ ಬಾಜಿ ಟಿಕೆಟ್ ಕೊಡುವ ಜಾಗ) ಅಥವಾ ಲೈಸೆನ್ಸ್ ಇರುವ ಬುಕ್ಕಿ ಬಿಟ್ಟು ಬೇರೆಲ್ಲೂ ಕಟ್ಟಬೇಡಿ. ಕಟ್ಟಿದ ಪೂರ್ತಿ ಮೊತ್ತದ ಮೇಲೆ ಜಿಎಸ್‌ಟಿ ಇದೆ. ಮೊದಲು ಶೇ. 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 40. ಗೆದ್ದ ಹಣಕ್ಕೆ ಶೇ. 30 ಆದಾಯ ತೆರಿಗೆ, ಸೋತದ್ದನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. ಈ ಭಾರ ಹೊತ್ತು ವರ್ಷವಿಡೀ ಲಾಭದಲ್ಲಿರುವುದು ಬಹಳ ಬಹಳ ಕಷ್ಟ. ಹಾಗಾಗಿ ಇದನ್ನು ಸಂಪಾದನೆ ಅಂದುಕೊಳ್ಳಬೇಡಿ.

ಹಾಗಾದರೆ ಎಷ್ಟು ಕಟ್ಟಬೇಕು?

ಸಿನಿಮಾಗೆ ಹೋದರೆ ಖರ್ಚು ಮಾಡುವಷ್ಟು. ಮನೆಯಿಂದ ಹೊರಡುವಾಗಲೇ ಎಣಿಸಿ ಜೇಬಿಗೆ ಹಾಕಿಕೊಳ್ಳಿ, ಎಟಿಎಂ ಕಾರ್ಡ್ ಮನೆಯಲ್ಲೇ ಇರಲಿ. ಸೋತದ್ದನ್ನು ಕೊನೆಯ ರೇಸ್‌ನಲ್ಲಿ ವಾಪಸ್ ತರುತ್ತೇನೆ ಅನ್ನಿಸಿದಾಗ ಹೊರಟುಬಿಡಿ. ಸಾಲ ಮಾಡುವ, ಮನೆಯಲ್ಲಿ ಸುಳ್ಳು ಹೇಳುವ ಹಂತಕ್ಕೆ ಬಂದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಸಲ ಬರ್ತಾ ಇದ್ದೀನಿ. ಓಟಕ್ಕೆ ಮುಂಚೆ ಜಾಕಿಯಲ್ಲಿ ಏನು ನೋಡಲಿ?

ಪ್ಯಾಡಾಕ್ (ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸುವ ಅಂಗಳ) ಹತ್ತಿರ ಹೋಗಿ ನಿಲ್ಲಿ. ಸೈಸ್ (ಕುದುರೆ ನೋಡಿಕೊಳ್ಳುವವನು) ಕುದುರೆಯನ್ನು ಸುತ್ತು ಹಾಕಿಸುತ್ತಿರುತ್ತಾನೆ. ಜಾಕಿ ಬಂದು ಟ್ರೇನರ್ ಮಾತು ಕೇಳಿ, ಎಡಗಾಲು ಕೊಟ್ಟು ಮೇಲೇರುತ್ತಾನೆ. ಆ ಕ್ಷಣ ಕುದುರೆಯ ಕಿವಿ ನೋಡಿ. ಬೆಚ್ಚಿ ಹಿಂದಕ್ಕೆ ಮಡಚಿತಾ, ಹಾಗೇ ಮುಂದಕ್ಕೆ ನಿಂತಿತಾ? ಕತ್ತಿನ ಮೇಲೆ ಬೆವರಿನ ನೊರೆ ಇದ್ದರೆ ಜಾಕಿ ಏನು ಮಾಡುತ್ತಾನೆ ನೋಡಿ. ಚೆನ್ನಾಗಿರುವವನು ಲಗಾಮು ಸಡಿಲ ಬಿಟ್ಟು, ಭುಜದ ಮೇಲೆ ಕೈಯಾಡಿಸಿ, ಏನೋ ಮೆಲ್ಲಗೆ ಮಾತಾಡುತ್ತಾನೆ. ಟ್ರ್ಯಾಕ್‌ಗೆ ಇಳಿದ ಮೇಲೆ ಗೇಟ್ ಕಡೆ ಹೋಗುವ ಓಟವನ್ನೂ ನೋಡಿ. ಕುದುರೆ ತಲೆ ಎತ್ತಿ ಎಳೆದಾಡುತ್ತಾ, ಜಾಕಿ ಹಿಂದಕ್ಕೆ ವಾಲಿ ಜಗ್ಗುತ್ತಾ ಹೋದರೆ ಇಬ್ಬರ ಶಕ್ತಿಯೂ ಅಲ್ಲೇ ಖರ್ಚಾಗುತ್ತಿದೆ. ಕತ್ತು ಬಾಗಿಸಿ ತಣ್ಣಗೆ ಹೋದರೆ ರೇಟು ನೋಡಿ. ಟೋಟ್ ಕೌಂಟರ್ ಮುಚ್ಚುವುದಕ್ಕೆ ಇನ್ನೂ ಎರಡು ಮೂರು ನಿಮಿಷ ಇರುತ್ತದೆ.